ನಿಂತ ರೈಡುಗಳನ್ನು ಮತ್ತೆ ಓಡಿಸುವ ಮುಂಚೆ: ಅನುಭವ ಇದ್ದವರು ದಯವಿಟ್ಟು ಹೇಳಿ

ಕೇಳಿದವರು, ಕನಕಪುರ ರಸ್ತೆ (ಆಗಸ್ಟ್ 2021)

ಎಲ್ಲರಿಗೂ ನಮಸ್ಕಾರ. ಕನಕಪುರ ರಸ್ತೆಯಲ್ಲಿ ಅಪ್ಪ ಕಟ್ಟಿದ ಚಿಕ್ಕ ಪಾರ್ಕು ನಮ್ಮದು. ಒಂಬತ್ತು ರೈಡು, ಅಲೆ ಎಬ್ಬಿಸುವ ಕೊಳ (ವೇವ್ ಪೂಲ್) ಒಂದು, ನೀರಿನ ಜಾರುಬಂಡೆ ಎರಡು. ಕೊರೊನಾ ಲಾಕ್‌ಡೌನ್‌ಗೆ ಏಪ್ರಿಲ್ ಮೂರನೇ ವಾರ ಮುಚ್ಚಿದ್ದು, ಇನ್ನೂ ತೆರೆದಿಲ್ಲ. ಜುಲೈ 25ರಿಂದ ಪಾರ್ಕು ನಡೆಸಬಹುದು, ನೀರಿನ ಆಟ ಮಾತ್ರ ಬೇಡ ಅಂತ ಸರ್ಕಾರದ ಆದೇಶ ಇದೆ. ಹೋದ ವರ್ಷ ಮುಚ್ಚಿ ತೆರೆದಾಗ ಎಲ್ಲವನ್ನೂ ಅಪ್ಪ ನೋಡಿಕೊಂಡಿದ್ದರು. ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಈಗ ಬೀಗದ ಕೈ ನನ್ನ ಹತ್ತಿರ ಇದೆ.

22 ಜನ ಕೆಲಸದವರಲ್ಲಿ ಒಂಬತ್ತು ಜನ ಉಳಿದಿದ್ದಾರೆ. ಯಾವ ಕೆಲಸ ಮೊದಲು ಹಿಡಿಯಲಿ? ನೀರಿಲ್ಲದೆ ಜನ ಬರುತ್ತಾರಾ? ಗಣೇಶನ ಹಬ್ಬಕ್ಕೆ ತೆರೆಯಲೋ, ದಸರಾವರೆಗೆ ಕಾಯಲೋ? ಹೋದ ವರ್ಷ ಈ ದಾರಿ ನಡೆದವರು ತಿಳಿಸಿ.

ರೈಡ್ ಮೇಂಟೆನೆನ್ಸ್, ಬಿಡದಿ ಕಡೆಯವನು

ತಂದೆಯವರ ವಿಷಯ ಓದಿ ಸಂಕಟ ಆಯ್ತು ತಾಯೀ. ನಾನು ಹತ್ತೊಂಬತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಹಬ್ಬ ನೋಡಿ ದಿನ ಗೊತ್ತು ಮಾಡಬೇಡಿ. ರೈಡು ತಯಾರಾದ ಮೇಲೆ ದಿನ ಗೊತ್ತು ಮಾಡಿ. ಹೋದ ವರ್ಷ ನಾನಿದ್ದ ಕಡೆ ಇದು ತಲೆಕೆಳಗಾಯ್ತು. ಸೆಪ್ಟೆಂಬರ್ 30ಕ್ಕೆ ಲಾಕ್‌ಡೌನ್ ಸಡಿಲಿಸುವ ಕೇಂದ್ರದ ಅನ್‌ಲಾಕ್ ಆದೇಶ ಬಂತು, ಅಕ್ಟೋಬರ್ 15ರಿಂದ ಪಾರ್ಕು ತೆರೆಯಬಹುದು ಅಂತ. ವಾರದೊಳಗೆ 'ದೀಪಾವಳಿಗೆ ಬನ್ನಿ' ಅಂತ ಬ್ಯಾನರ್ ಕಟ್ಟಿಸಿಯಾಗಿತ್ತು. ಆಯುಧಪೂಜೆ ದಿನ ಎಲ್ಲ ರೈಡಿಗೂ ಅರಿಶಿನ ಕುಂಕುಮ ಇಟ್ಟು, ಬೂದುಗುಂಬಳ ಒಡೆದು, ಜಾಯಿಂಟ್ ವೀಲಿನ ಸ್ವಿಚ್ ಒತ್ತಿದೆವು. ಮೋಟರು ಗುಂಯ್ ಅಂತು, ಚಕ್ರ ಅಲ್ಲಾಡಲಿಲ್ಲ. ಏಳು ತಿಂಗಳು ಒಂದೇ ಕಡೆ ನಿಂತು ಬ್ರೇಕಿನ ಲೈನಿಂಗು ಡ್ರಮ್ಮಿಗೆ ಕಚ್ಚಿಕೊಂಡಿತ್ತು. ಪಕ್ಕದ ರೈಡಿನ ಕರೆಂಟ್ ಪ್ಯಾನೆಲ್ ಬಾಗಿಲು ತೆಗೆದರೆ ಒಳಗೆ ಇಲಿ ಗೂಡು. ವೈರಿನ ಸಿಪ್ಪೆ ಕಡಿದು ತಾಮ್ರ ಕಾಣುತ್ತಿತ್ತು. ಎಳೆದು ನೋಡಿದರೆ ಅದು ಸೀಟಿನ ಲಾಕು ಬಿದ್ದಿದೆಯೋ ಇಲ್ಲವೋ ಹೇಳುವ ವೈರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನೀವು ಹಿಡಿಯಬೇಕಾದ ಕ್ರಮ ಹೇಳುತ್ತೇನೆ. ಮೇನ್ ಆಫ್ ಇಟ್ಟುಕೊಂಡೇ ಎಲ್ಲ ಪ್ಯಾನೆಲ್ ತೆಗೆಸಿ, ಧೂಳು ತೆಗೆಸಿ, ವೈರು ಒಂದೊಂದಾಗಿ ಕಣ್ಣಲ್ಲಿ ನೋಡಿಸಿ. ಆಮೇಲೆ ಪ್ರತಿ ಮೋಟರಿಗೂ ಮೆಗ್ಗರ್, ಅಂದರೆ ಇನ್ಸುಲೇಶನ್ ಸರಿ ಇದೆಯಾ ಅಂತ ಅಳೆಯುವ ಮೀಟರು, ಹಾಕಿಸಿ. ಮಳೆಗಾಲದ ತೇವ ಮೋಟರಿನ ಒಳಗೆ ಸುತ್ತಿದ ತಂತಿಯಲ್ಲಿ (ವೈಂಡಿಂಗ್) ಕೂತಿದ್ದರೆ ಅಲ್ಲೇ ಗೊತ್ತಾಗುತ್ತದೆ, ಸುಟ್ಟ ಮೇಲೆ ಗೊತ್ತಾಗುವುದು ಬೇಡ. ಗೇರ್ ಬಾಕ್ಸಿನ ಆಯಿಲ್ ಒಂದು ಲೋಟಕ್ಕೆ ಬಿಡಿಸಿ ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣ ಇದ್ದರೆ ನೀರು ಸೇರಿದೆ ಅಂತ ಅರ್ಥ, ಪೂರ್ತಿ ಬದಲಿಸಿ. ಹೈಡ್ರಾಲಿಕ್ ರೈಡಿನ ಸಿಲಿಂಡರಿನ ಸೀಲು ಒಣಗಿ ಬಿರುಕು ಬಿಟ್ಟಿರುತ್ತದೆ. ರೋಲರ್ ಕೋಸ್ಟರಿನ ಟ್ರೇನು ಒಂದೇ ಜಾಗದಲ್ಲಿ ನಿಂತಿದ್ದರೆ ಚಕ್ರದ ಮೇಲಿನ ಗಟ್ಟಿ ಪ್ಲಾಸ್ಟಿಕ್ಕಿನ (ಪಾಲಿಯುರೆಥೇನ್) ಪಟ್ಟಿ ಒಂದು ಕಡೆ ಚಪ್ಪಟೆಯಾಗಿರುತ್ತದೆ, ಓಡಿಸಿದರೆ ಟಕ್ ಟಕ್ ಅನ್ನುತ್ತದೆ. ಆ ಸದ್ದು ಕೇಳಿದರೆ ಚಕ್ರ ಬಿಚ್ಚಿಸಿ.

ಇದಾದ ಮೇಲೆ ಖಾಲಿ ಓಡಿಸಿ, ಆಮೇಲೆ ಪ್ರತಿ ಸೀಟಿಗೂ ಮರಳು ಮೂಟೆ ಕಟ್ಟಿ ಓಡಿಸಿ. ಓಡುವಾಗ ಎಮರ್ಜೆನ್ಸಿ ಸ್ಟಾಪ್ ಒತ್ತಿ, ಕರೆಂಟ್ ತೆಗೆದು, ಎಲ್ಲಿ ನಿಲ್ಲುತ್ತದೆ ನೋಡಿ. ಮೇಲೆ ನಿಂತವರನ್ನು ಕೆಳಗಿಳಿಸುವ ಅಭ್ಯಾಸ ನಿಮ್ಮ ಹುಡುಗರ ಕೈಯಲ್ಲೇ ಮಾಡಿಸಿ. ಕೊನೆಗೆ ಹೊರಗಿನ ಎಂಜಿನಿಯರ್ ಒಬ್ಬರಿಂದ ತಪಾಸಣೆ ಮಾಡಿಸಿ ಬರಹದಲ್ಲಿ ತಗೊಳ್ಳಿ. ಒಂಬತ್ತು ರೈಡಿಗೆ ಮೂರು ವಾರ ಬೇಕೇ ಬೇಕು. ಎಲ್ಲವೂ ಒಟ್ಟಿಗೆ ಆಗದಿದ್ದರೆ ಐದೇ ರೈಡು ತೆರೆಯಿರಿ, ಜನ ಬೈಯುವುದಿಲ್ಲ.

ಇನ್ನು ಕೊರೊನಾದಿಂದ ಹೊಸದಾಗಿ ಬಂದ ಎರಡು ವಿಷಯ. ಪ್ರತಿ ಸುತ್ತಿಗೂ ಸೀಟು ಒರೆಸಬೇಕು ಅಂತ ನಮ್ಮಲ್ಲಿ ಬ್ಲೀಚಿಂಗ್ ನೀರನ್ನೇ ಲಾಕಿಗೂ ಬೆಲ್ಟಿಗೂ ಹೊಡೆದರು. ಒಂದೂವರೆ ತಿಂಗಳಿಗೆ ಲಾಕಿನ ಸ್ಪ್ರಿಂಗಿಗೆ ತುಕ್ಕು ಬಂತು, ಬೆರಳು ಇಟ್ಟರೆ ಕೆಂಪು ಪುಡಿ. ಬ್ಲೀಚು ಆಗದ ಲೋಹದ ಭಾಗಕ್ಕೆ 70% ಆಲ್ಕೋಹಾಲ್ ಬಳಸಿ ಅಂತ ಆರೋಗ್ಯ ಇಲಾಖೆಯ ಸೂಚನೆಯಲ್ಲೇ ಇತ್ತು, ಯಾರೂ ಓದಿರಲಿಲ್ಲ. ಬಟ್ಟೆಗೆ ಹಾಕಿ ಒರೆಸಿ, ಸ್ಪ್ರೇ ಹೊಡೆಯಬೇಡಿ, ಪ್ಯಾನೆಲ್ ಹತ್ತಿರ ಅಂತೂ ಬೇಡವೇ ಬೇಡ.

ಎರಡನೆಯದು, ಅಂತರಕ್ಕೆ ಸೀಟು ಬಿಡುವುದು. ಜಾಯಿಂಟ್ ವೀಲಿನಲ್ಲಿ ಮನಸ್ಸಿಗೆ ಬಂದ ಡಬ್ಬಿ ಖಾಲಿ ಬಿಟ್ಟರೆ ಭಾರ ಒಂದು ಕಡೆ ವಾಲುತ್ತದೆ. ಎದುರುಬದುರು ಸಮ ತುಂಬಿಸಿ. ಒಂದೇ ಮನೆಯವರನ್ನು ಬೇರೆ ಬೇರೆ ಕೂರಿಸುವ ಅಗತ್ಯ ಇಲ್ಲ. ಕೋಸ್ಟರಿನಲ್ಲಿ ಅರ್ಧ ಖಾಲಿ ಟ್ರೇನು ಚಳಿಯ ಬೆಳಿಗ್ಗೆ ನಿಧಾನ ಆಗುತ್ತದೆ, ಮೊದಲ ನಾಲ್ಕೈದು ಸುತ್ತು ಮರಳು ಮೂಟೆಯೊಂದಿಗೇ ಓಡಿಸಿ ಬೆಚ್ಚಗೆ ಮಾಡಿಕೊಳ್ಳಿ. ಕಿವಿಗೆ ಸಿಕ್ಕಿಸುವ ಮಾಸ್ಕು ಹಾರಿ ಟ್ರ್ಯಾಕಿಗೆ ಬೀಳುತ್ತದೆ. ನಾವು ತಲೆ ಹಿಂದೆ ಕಟ್ಟುವ ದಾರದ ಮಾಸ್ಕನ್ನು ಗೇಟಿನಲ್ಲೇ ಕೊಟ್ಟೆವು.

ತಂದೆಯವರು ರೈಡಿನ ತಪಾಸಣೆ, ರಿಪೇರಿ ಬರೆದಿಡುವ ಲಾಗ್ ಪುಸ್ತಕ ಬರೆಯುತ್ತಿದ್ದರಾ? ಇದ್ದರೆ ಹುಡುಕಿ.

ಟಿಕೆಟ್ ಕೌಂಟರ್ ಮತ್ತು ಗೇಟು ನೋಡಿಕೊಂಡಿದ್ದವಳು, ಯಲಹಂಕ

ಅಕ್ಕಾ, ಅಣ್ಣ ಯಂತ್ರದ ವಿಷಯ ಹೇಳಿದ್ದಾರೆ. ನಾನು ಜನರ ವಿಷಯ ಹೇಳುತ್ತೇನೆ.

ಉಳಿದ ಒಂಬತ್ತು ಜನರನ್ನು ಬಿಡಬೇಡಿ. ನಮ್ಮಲ್ಲಿ ರೈಡು ನಡೆಸುತ್ತಿದ್ದ ಹುಡುಗರು ಒಡಿಶಾ, ಅಸ್ಸಾಂ ಕಡೆಯವರು, 2020ರಲ್ಲಿ ಊರಿಗೆ ಹೋದವರಲ್ಲಿ ಅರ್ಧ ಜನ ವಾಪಸ್ ಬರಲಿಲ್ಲ. ಹೊಸಬರಿಗೆ ನಾಲ್ಕು ದಿನ ಕಲಿಸಿ ನಿಲ್ಲಿಸಿದರು. ಕಲಿತದ್ದು ಅವರ ಕೈಗೆ ಇಳಿದಿರಲಿಲ್ಲ. ಲಾಕು ಎಳೆದು ನೋಡುವುದು, ಹೆಬ್ಬೆರಳು ತೋರಿಸುವುದು, ಆಮೇಲೆ ಬಟನ್ ಒತ್ತುವುದು, ಇದು ದಿನಕ್ಕೆ ನೂರು ಸಲ ಮಾಡಿದವರಿಗೆ ಮಾತ್ರ ತಪ್ಪದೆ ಬರುತ್ತದೆ. ಹಳಬರೂ ತಿಂಗಳುಗಟ್ಟಲೆ ಮನೆಯಲ್ಲಿದ್ದರೆ ಮರೆಯುತ್ತಾರೆ. ತೆರೆಯುವ ಮುಂಚೆ ಒಂದು ವಾರ ಪೂರ್ತಿ ಸಂಬಳ ಕೊಟ್ಟು ಅಭ್ಯಾಸ ಮಾಡಿಸಿ. ಕೊನೆಯ ದಿನ ಅವರ ಮನೆಯವರನ್ನೇ ಕರೆದು ರೈಡಿನಲ್ಲಿ ಕೂರಿಸಿ. ತನ್ನ ಮಗಳು ಕೂತ ಸೀಟಿನ ಲಾಕನ್ನು ಒಬ್ಬ ಹುಡುಗ ಮೂರು ಸಲ ಎಳೆದು ನೋಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಾರನೇ ದಿನದಿಂದ ಎಲ್ಲರ ಮಕ್ಕಳಿಗೂ ಹಾಗೇ ಎಳೆದ.

ನಿಯಮದ ಕಾಗದವನ್ನು ಗೇಟಿನಲ್ಲಿ ಅಂಟಿಸಿ ಸುಮ್ಮನಾಗಬೇಡಿ. 2020ರ ಅಕ್ಟೋಬರ್‌ನಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯಲ್ಲಿ 65 ದಾಟಿದವರು, ಗರ್ಭಿಣಿಯರು, ಬೇರೆ ಕಾಯಿಲೆ ಇರುವವರು, 10 ವರ್ಷದೊಳಗಿನ ಮಕ್ಕಳು ಮನೆಯಲ್ಲೇ ಇರುವುದು ಒಳ್ಳೆಯದು ಅಂತ ಸಲಹೆ ಇತ್ತು. ನಾವು ಅದನ್ನು ಟಿಕೆಟ್ ಮಾರುವಾಗ ಹೇಳಲಿಲ್ಲ. ಒಂದು ಭಾನುವಾರ ತುಮಕೂರಿನಿಂದ ಬಸ್ಸು ಹತ್ತಿ ಬಂದ ಕುಟುಂಬವನ್ನು ಗೇಟಿನಲ್ಲಿ ತಡೆದೆವು. ಹುಡುಗನಿಗೆ ಎಂಟು ವರ್ಷ ಇರಬಹುದು, ಹೊಸ ಶೂ ಹಾಕಿಕೊಂಡಿದ್ದ. ಅಪ್ಪ ಕೂಗಾಡಿದ್ದಕ್ಕೆ ನನಗೆ ಬೇಜಾರಿಲ್ಲ. ಆ ಮಗು ತನ್ನ ಶೂ ನೋಡಿಕೊಂಡು ನಿಂತಿದ್ದು ಮಾತ್ರ ಇವತ್ತಿಗೂ ಮರೆತಿಲ್ಲ. ಫೋನಿನಲ್ಲಿ, ಟಿಕೆಟ್ ಬುಕ್ ಮಾಡುವಾಗಲೇ ಹೇಳಿ. ನೀರಿನ ಆಟ ಇಲ್ಲ ಅನ್ನುವುದನ್ನೂ ಅಲ್ಲೇ ಹೇಳಿ, ಬೆಲೆಯನ್ನೂ ಅದಕ್ಕೆ ತಕ್ಕ ಹಾಗೆ ಇಳಿಸಿ.

ವಾರಪೂರ್ತಿ ತೆರೆಯಬೇಡಿ. ಶುಕ್ರವಾರದಿಂದ ಭಾನುವಾರ ಸಾಕು. ವಾರದ ದಿನ ಬರುತ್ತಿದ್ದದ್ದೇ ಶಾಲಾ ಪ್ರವಾಸದ ಬಸ್ಸುಗಳು. ಈಗ 9ರಿಂದ ಮೇಲಿನ ತರಗತಿಗಳು ಆಗಸ್ಟ್ 23ಕ್ಕೆ ಶುರು ಅಂತಿದ್ದಾರೆ, ಪ್ರವಾಸಕ್ಕೆ ಈ ವರ್ಷ ಯಾವ ಹೆಡ್‌ಮಾಸ್ಟರೂ ಧೈರ್ಯ ಮಾಡುವುದಿಲ್ಲ. ಆ ಆದಾಯವನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಈಜುಕೊಳದ ನೀರಿನ ಕೆಲಸ, ಜಯನಗರ

ಮೇಡಂ, ನೀರಿನ ಆಟಕ್ಕೆ ಅನುಮತಿ ಇಲ್ಲ ಅಂತ ಕೊಳ ಮರೆಯಬೇಡಿ. ಈ ಮಳೆಗಾಲದಲ್ಲಿ ಖಾಲಿ ಮಾಡಿಸಲೂಬೇಡಿ. ಕೆಳಗೆ ನೆಲದ ನೀರು ಏರಿದಾಗ ಮೇಲೆ ಭಾರ ಇಲ್ಲದಿದ್ದರೆ ಕೊಳದ ತಳವೇ ಎದ್ದು ಬಿರುಕು ಬಿಡುತ್ತದೆ. ನೀರು ಇರಲಿ, ದಿನಕ್ಕೆ ಕೆಲವು ಗಂಟೆ ಪಂಪು ಓಡಲಿ, ಕ್ಲೋರಿನ್ ಇರಲಿ. ಪಾಚಿ ಕಟ್ಟಿದರೆ ಸೊಳ್ಳೆ, ಸೊಳ್ಳೆ ಬಂದರೆ ಡೆಂಗಿ.

ಅನುಮತಿ ಸಿಕ್ಕ ದಿನ ಜನ ಮೊದಲು ಕೇಳುವುದು 'ನೀರಿನಿಂದ ಕೊರೊನಾ ಬರುತ್ತಾ' ಅಂತ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಇದೇ ವರ್ಷ ಪರೀಕ್ಷೆ ಮಾಡಿದ್ದಾರೆ: ಲೀಟರಿಗೆ 1.5 ಮಿಲಿಗ್ರಾಂ ಕ್ಲೋರಿನ್, ನೀರಿನ ಹುಳಿ-ಕ್ಷಾರ ಹೇಳುವ ಪಿಎಚ್ 7ರಿಂದ 7.2ರ ಒಳಗಿದ್ದರೆ ಅರ್ಧ ನಿಮಿಷದಲ್ಲಿ ವೈರಸ್ ನಿಷ್ಕ್ರಿಯ. ಭಯ ಇರುವುದು ಬಟ್ಟೆ ಬದಲಿಸುವ ಕೋಣೆಯಲ್ಲಿ, ಲಾಕರ್ ಮುಂದಿನ ಸಾಲಿನಲ್ಲಿ. ಕಿಟಕಿ ತೆಗೆಸಿ.

ಇಬ್ಬರು ಮಕ್ಕಳ ತಾಯಿ, ವಿಜಯನಗರ

ನಾನು ಈ ಕೆಲಸದವಳಲ್ಲ, ಹೋಗುವವಳು. ಹೋದ ಡಿಸೆಂಬರ್‌ನಲ್ಲಿ ಮಕ್ಕಳನ್ನು ಒಂದು ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಒಳಗೆ ಜನ ಕಡಿಮೆ ಇದ್ದರು, ಗೋಡೆ ತುಂಬ ಬೋರ್ಡು ಇದ್ದವು. ಆದರೆ ಶೌಚಾಲಯದಲ್ಲಿ ಸೋಪು ಇರಲಿಲ್ಲ. ಅಲ್ಲಿಂದಲೇ ವಾಪಸ್ ಬಂದೆವು. ಜಪಾನಿನಲ್ಲಿ ರೋಲರ್ ಕೋಸ್ಟರ್ ಮೇಲೆ ಕಿರುಚಬೇಡಿ, ಮನಸ್ಸಿನೊಳಗೇ ಕಿರುಚಿಕೊಳ್ಳಿ ಅಂತ ಹೇಳಿದ್ದನ್ನು ಓದಿದ್ದೆ. ನಮ್ಮ ಮಕ್ಕಳಿಗೆ ಅದು ಆಗದ ಮಾತು. ಅವರು ಕಿರುಚಲಿ, ನೀವು ಸೋಪು ಇಡಿ. ನೀರಿಲ್ಲದಿದ್ದರೂ ನಾವು ಬರುತ್ತೇವೆ. ಒಂದೂವರೆ ವರ್ಷದಿಂದ ಮಕ್ಕಳು ಮೊಬೈಲ್ ಮುಂದೆ ಕೂತಿದ್ದಾರೆ, ಅವರ ನಗು ಕೇಳಬೇಕು ನನಗೆ.

ಟಿಕೆಟ್ ಕೌಂಟರ್, ಯಲಹಂಕ

ಒಂದು ಬಿಟ್ಟೆ ಅಕ್ಕಾ. ಮತ್ತೆ ಮುಚ್ಚುವ ದಿನಕ್ಕೂ ಈಗಲೇ ತಯಾರಿ ಇಟ್ಟುಕೊಳ್ಳಿ. ಹಾಂಗ್‌ಕಾಂಗಿನ ಡಿಸ್ನಿಲ್ಯಾಂಡ್ 2020ರ ಜೂನ್ 18ಕ್ಕೆ ತೆರೆದು ಜುಲೈ 15ಕ್ಕೆ ಮತ್ತೆ ಬಾಗಿಲು ಹಾಕಿತು. ಶಾಂಘೈ ಡಿಸ್ನಿಲ್ಯಾಂಡಿನವರು ದಿನಕ್ಕೆ 80,000 ಜನ ಹಿಡಿಯುವ ಪಾರ್ಕಿಗೆ ಸರ್ಕಾರ 24,000 ಬಿಡಬಹುದು ಅಂದರೂ ಅದಕ್ಕಿಂತ ಕಡಿಮೆಯಿಂದ ಶುರು ಮಾಡಿದರು. ಮುಂಗಡ ಟಿಕೆಟ್ ದುಡ್ಡನ್ನು ಬೇರೆ ಖಾತೆಯಲ್ಲಿಡಿ, ಮುಟ್ಟಬೇಡಿ. ನಮ್ಮಲ್ಲಿ ಏಪ್ರಿಲ್‌ನಲ್ಲಿ ಮುಚ್ಚಿದಾಗ ವಾಪಸ್ ಕೊಡಲು ದುಡ್ಡಿರಲಿಲ್ಲ. ಫೋನು ಎತ್ತಿ ಉತ್ತರ ಕೊಡುವವಳು ನಾನಿದ್ದೆ.

ಕೇಳಿದವರು, ಕನಕಪುರ ರಸ್ತೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ಎರಡು ಸಲ ಓದಿದೆ, ಅಮ್ಮನಿಗೂ ಓದಿ ಹೇಳಿದೆ. ಗಣೇಶನ ಹಬ್ಬದ ಯೋಚನೆ ಬಿಟ್ಟೆ. ಐದು ರೈಡು ಮೊದಲು, ವಾರಕ್ಕೆ ಮೂರು ದಿನ. ಒಂಬತ್ತು ಜನರಿಗೂ ಇವತ್ತೇ ಫೋನ್ ಮಾಡಿದೆ, ಎಂಟು ಜನ ಸೋಮವಾರ ಬರುತ್ತೇವೆ ಅಂದರು.

ಅಣ್ಣಾ, ಲಾಗ್ ಪುಸ್ತಕ ಸಿಕ್ಕಿತು. ಆಫೀಸಿನ ಬೀರುವಿನಲ್ಲಿ, ಕರೆಂಟ್ ಬಿಲ್ಲುಗಳ ಕೆಳಗೆ ಇತ್ತು. ಕೊನೆಯ ಸಾಲು ಏಪ್ರಿಲ್ 18ರದ್ದು. 'ಕೋಸ್ಟರ್ ಮೂರನೇ ಗಾಡಿ, ಎಡ ಹಿಂದಿನ ಚಕ್ರ ಸದ್ದು, ನೋಡಬೇಕು' ಅಂತ ಅಪ್ಪನ ಕೈಬರಹ.

ರೈಡ್ ಮೇಂಟೆನೆನ್ಸ್, ಬಿಡದಿ ಕಡೆಯವನು

ಭಾನುವಾರ ಎಂಟು ಗಂಟೆಗೆ ಬರುತ್ತೇನೆ ತಾಯೀ, ಮೆಗ್ಗರ್ ನನ್ನ ಹತ್ತಿರವೇ ಇದೆ. ಅಲ್ಲಿಯವರೆಗೆ ಮೇನ್ ಹಾಕಬೇಡಿ, ಟ್ರೇನನ್ನು ತಳ್ಳಲೂಬೇಡಿ. ತಂದೆಯವರು ಬರೆದ ಆ ಚಕ್ರವನ್ನೇ ಮೊದಲು ಬಿಚ್ಚೋಣ.