ಮಕ್ಕಳ ವಾರ್ಡ್ ಪೋಸ್ಟಿಂಗ್: ಹತ್ರ ಹೋದ್ರೇ ಮಗು ಚೀರ್ತದೆ, ಏನು ಮಾಡ್ಲಿ?

ಪ್ರಶ್ನೆ (ಬಿಎಸ್ಸಿ ನರ್ಸಿಂಗ್, ಐದನೇ ಸೆಮ್, ಊರು ಶಿರಸಿ ಹತ್ರ):
ನಮಸ್ಕಾರ ಅಕ್ಕಾ. ಕಾರವಾರದಲ್ಲಿ ಮಕ್ಕಳ ವಾರ್ಡ್ ಪೋಸ್ಟಿಂಗ್ ಶುರುವಾಗಿ ನಾಲ್ಕು ದಿನ ಆಯ್ತು. ದೊಡ್ಡೋರ ವಾರ್ಡಲ್ಲಿ ಏನೂ ತೊಂದ್ರೆ ಇರ್ಲಿಲ್ಲ, ಇಲ್ಲಿ ಯೂನಿಫಾರ್ಮ್ ಕಂಡಕೂಡ್ಲೇ ಮಗು ಚೀರ್ತದೆ, ಟಿಪಿಆರ್ (ಟೆಂಪರೇಚರ್, ಪಲ್ಸ್, ಉಸಿರು) ನೋಡೋಕೇ ಆಗೋದಿಲ್ಲ. ಡೋಸ್ ಲೆಕ್ಕ ಅಂದ್ರೆ ಕೈ ನಡುಗ್ತದೆ. ಎಷ್ಟೋ ತಾಯಂದಿರು ಕೊಂಕಣಿ ಮಾತಾಡ್ತಾರೆ, ನಂಗೆ ಒಂದಕ್ಷರ ಬರೋದಿಲ್ಲ.

ಉತ್ತರ (ಮಕ್ಕಳ ವಾರ್ಡ್ ಸ್ಟಾಫ್ ನರ್ಸ್, 19 ವರ್ಷ):
ತಂಗಿ, ನೀನು ಟಿಪಿಆರ್ ಅಂತ ಬರೆಯೋ ಕ್ರಮದಲ್ಲೇ ನೋಡ್ತಿದ್ದೀಯ ಅನ್ಸ್ತದೆ. ಮಕ್ಕಳಲ್ಲಿ ಅದನ್ನ ತಿರುಗಿಸ್ಕೋ. ಮೊದ್ಲು ಉಸಿರು, ಆಮೇಲೆ ಪಲ್ಸ್, ಥರ್ಮಾಮೀಟರ್ ಕಡೇಗೆ. ಮಗು ಅಮ್ಮನ ತೊಡೆ ಮೇಲೆ ಮಲಗಿರುವಾಗ ಮುಟ್ಟದೆ ಎರಡು ಮಾರು ದೂರ ಕೂತು ಹೊಟ್ಟೆ ಏಳೋದು ಇಳಿಯೋದನ್ನ ಪೂರ್ತಿ ಒಂದು ನಿಮಿಷ ಎಣಿಸು, 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸೋದು ಬೇಡ, ಚಿಕ್ಕ ಮಕ್ಕಳ ಉಸಿರು ಒಂದೇ ಸಮ ಇರೋದಿಲ್ಲ. ಎರಡು ತಿಂಗಳೊಳಗಿನ ಮಗುಗೆ 60 ಅಥವಾ ಜಾಸ್ತಿ, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದ್ರೆ ಅದು ವೇಗದ ಉಸಿರು, ಎದೆಯ ಕೆಳಭಾಗ ಒಳಗೆ ಎಳೀತಾ ಇದ್ರಂತೂ ಎಣಿಸ್ತಾ ಕೂರಬೇಡ, ಓಡಿಹೋಗಿ ಸಿಸ್ಟರ್‌ಗೆ ಹೇಳು.

ನಾನು ಸ್ಟೂಡೆಂಟ್ ಆಗಿದ್ದಾಗ ಹತ್ತು ತಿಂಗಳ ಮಗು ಅಳುವಾಗಲೇ ಎಣಿಸಿ 64 ಅಂತ ಚಾರ್ಟಲ್ಲಿ ಬರ್ದಿದ್ದೆ. ಇನ್‌ಚಾರ್ಜ್ ಸಿಸ್ಟರ್ ಬೈಯಲಿಲ್ಲ, ಅದು ನಿದ್ದೆ ಹೋಗೋ ತನಕ ಅಲ್ಲೇ ಸ್ಟೂಲ್ ಮೇಲೆ ಕೂರ್ಸಿದ್ರು. ಮತ್ತೆ ಎಣಿಸಿದ್ರೆ 38. ಆ ಸ್ಟೂಲು ನಂಗೆ ಇಡೀ ಸೆಮಿಸ್ಟರಿಗಿಂತ ಜಾಸ್ತಿ ಕಲಿಸ್ತು.

ಡೋಸ್ ವಿಷ್ಯಕ್ಕೆ ಕೈ ನಡುಗೋದು ಒಳ್ಳೇದೇ, ನಡುಗದೇ ಇರೋರನ್ನ ಕಂಡ್ರೆ ನಂಗೆ ಭಯ. ಬೆಳಿಗ್ಗೆ ತೂಕ ನೋಡ್ದೇ ಲೆಕ್ಕಕ್ಕೆ ಕೂರಬೇಡ. 8 ಕೆಜಿ ಮಗುಗೆ ಪ್ಯಾರಾಸಿಟಮಾಲ್ ಕೆಜಿಗೆ 15 ಮಿಲಿಗ್ರಾಂ ಅಂತ ಆರ್ಡರ್ ಇದ್ರೆ 120 ಮಿಲಿಗ್ರಾಂ ಆಯ್ತು, ಇಲ್ಲಿವರೆಗೆ ಎಲ್ಲರೂ ಸರಿ ಮಾಡ್ತಾರೆ, ತಪ್ಪಾಗೋದು ಬಾಟ್ಲಿ ಹತ್ರ. 5 ಎಂಎಲ್‌ಗೆ 125 ಇರೋ ಸಿರಪ್ ಆದ್ರೆ 4.8 ಎಂಎಲ್, 250 ಇರೋದಾದ್ರೆ 2.4, ಎಂಎಲ್‌ಗೆ 100 ಇರೋ ಡ್ರಾಪ್ಸ್ ಆದ್ರೆ ಬರೀ 1.2. ಔಷಧಿ ಅದೇ, ಅಳತೆ ಮೂರು ಥರ! ಲೇಬಲ್ ಗಟ್ಟಿಯಾಗಿ ಓದು, ಸಿಸ್ಟರ್ ಹತ್ರ ಬೇರೆಯಾಗಿ ಲೆಕ್ಕ ಮಾಡ್ಸು, ಅವರು ಪಕ್ಕದಲ್ಲಿ ಇಲ್ದೇ ಕೊಡ್ಲೇಬೇಡ. ಮೈಕ್ರೋಡ್ರಿಪ್ ಸೆಟ್ (ಸಣ್ಣ ಹನಿ ಬೀಳೋ ಸಲೈನ್ ಪೈಪು) ಸುಲಭ, 60 ಹನಿಗೆ ಒಂದು ಎಂಎಲ್, ಹಾಗಾಗಿ ಗಂಟೆಗೆ 30 ಎಂಎಲ್ ಅಂದ್ರೆ ನಿಮಿಷಕ್ಕೆ 30 ಹನಿ.

ಕೊಂಕಣಿಗೆ ಸದ್ಯ "ಖಂಯ್ ದುಖ್ತಾ?" ಕಲ್ತುಕೋ, ಎಲ್ಲಿ ನೋಯ್ತದೆ ಅಂತ. ಉಳಿದದ್ದನ್ನ ಪಕ್ಕದ ಬೆಡ್ಡಿನ ಅಜ್ಜಿಯೇ ಕಲಿಸ್ತಾರೆ.

ಇನ್ನೊಬ್ಬರು (ಅಂಕೋಲಾ, ತಾಯಿ):
ನಡುವೆ ಮಾತಾಡ್ತಿದ್ದೇನೆ, ಬೇಜಾರಾಗ್ಬೇಡಿ. ನನ್ನ ಮಗ ನ್ಯುಮೋನಿಯಾ ಆಗಿ ಅಡ್ಮಿಟ್ ಇದ್ದಾಗ ಒಂದೇ ಬೆಳಿಗ್ಗೆ ಐದು ಜನ ಸ್ಟೂಡೆಂಟ್ಸ್ ಒಬ್ಬೊಬ್ರಾಗಿ ಬಂದು ಎದೆಗೆ ಸ್ಟೆತಸ್ಕೋಪ್ ಇಟ್ರು. ರಾತ್ರಿಯೆಲ್ಲ ಕೆಮ್ಮಿ ಆಗಷ್ಟೇ ಕಣ್ಣು ಮುಚ್ಚಿದ್ದ. ಬೇಡ ಅನ್ನಬಹುದು ಅಂತ ನಂಗೆ ಗೊತ್ತೇ ಇರ್ಲಿಲ್ಲ.

ಉತ್ತರ:
ಖಂಡಿತ ಬೇಡ ಅನ್ನಬಹುದು ಅಕ್ಕಾ, ಅದ್ರಿಂದ ಚಿಕಿತ್ಸೆಗೆ ಏನೂ ಕಡಿಮೆ ಆಗಬಾರ್ದು, ನಿಮಗೆ ಹಾಗಾಗಿದ್ದಕ್ಕೆ ನಿಜಕ್ಕೂ ಬೇಸರ ಆಯ್ತು. ತಂಗಿ, ಇದನ್ನ ನಿನ್ನ ಬ್ಯಾಚಿಗೂ ಹೇಳು: ನಾನು ಸ್ಟೂಡೆಂಟ್ ಅಂತ ಮೊದ್ಲೇ ಹೇಳಿ, ಕೇಳಿ ಮುಟ್ಟಬೇಕು, ಮಲಗಿದ ಮಗುನ ಕೇಸ್ ಪ್ರೆಸೆಂಟೇಶನ್‌ಗೋಸ್ಕರ ಎಬ್ಬಿಸಬಾರದು. ಕೇರ್ ಪ್ಲಾನ್ ಬರೆಯೋಕೆ ಬೇಕಾದ ಮುಕ್ಕಾಲು ಮಾಹಿತಿ ಅಮ್ಮನ ಹತ್ರವೇ ಇರ್ತದೆ. ಎಷ್ಟು ಸಲ ಹಾಲು ಕುಡೀತು, ಎಷ್ಟು ಸಲ ಉಚ್ಚೆ ಹೋಯ್ತು ಕೇಳು.

ಪ್ರಶ್ನೆ ಕೇಳಿದವರು:
ಅಕ್ಕಾ, ಇವತ್ತು ದೂರ ಕೂತು ಎಣಿಸ್ದೆ. 34 ಬಂತು, ಮಗು ಏಳಲೇ ಇಲ್ಲ. ಥರ್ಮಾಮೀಟರ್ ಇಡುವಾಗ ಮಾತ್ರ ಸ್ವಲ್ಪ ಅತ್ತಿತು.