ಕೈಯಲ್ಲಿ ಜೀವ ಇರುವ ಮುಖವಾಡ ವೇದಿಕೆಯಲ್ಲಿ ಯಾಕೆ ಸತ್ತ ಹಾಗಿರುತ್ತದೆ?

ಪ್ರಶ್ನೆ:
ನಮ್ಮ ನಾಟಕದಲ್ಲಿ ಒಬ್ಬಳು ಅಜ್ಜಿ. ಅವಳಿಗೆ ಮಾತಿಲ್ಲ, ಪೂರ್ತಿ ಮುಖವಾಡ. ಜೇಡಿಮಣ್ಣಲ್ಲಿ ಮುಖ ತಿದ್ದಿ, ಪ್ಲಾಸ್ಟರ್ ಅಚ್ಚು ತೆಗೆದು, ಒಳಗೆ ಆರು ಪದರ ಕಾಗದ ಅಂಟಿಸಿದೆ. ಒಂದೊಂದು ಸುಕ್ಕನ್ನೂ ಕೊರೆದಿದ್ದೇನೆ. ಬಾಯಿ ಅಳುವಂತೆ ಕೆಳಗೆ ಬಾಗಿದೆ. ಹತ್ತಿರದಿಂದ ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ಆದರೆ ಹತ್ತನೇ ಸಾಲಿನಿಂದ ಬರೀ ಬೂದು ಉಂಡೆ. ಮೊಮ್ಮಗುವನ್ನು ಎತ್ತಿಕೊಂಡಾಗಲೂ ಅಜ್ಜಿ ಅಳುತ್ತಲೇ ಇರುತ್ತಾಳೆ!

ಉತ್ತರ 1:
ಮೇಲೆ ಹೊಳೆಯುವ ವಾರ್ನಿಷ್ ಬಳಿದಿದ್ದೀರಾ? ಬಳಿದಿದ್ದರೆ ಉಜ್ಜಿ ತೆಗೆಯಿರಿ. ದೀಪದ ಬೆಳಕು ಅದರ ಮೇಲೆ ಬಿದ್ದು ಹೊಳೆದರೆ ನೆರಳೆಲ್ಲ ಹೋಗುತ್ತದೆ.

ಉತ್ತರ 2:
ಹನ್ನೆರಡು ವರ್ಷದಿಂದ ಮುಖವಾಡ ಮಾಡುತ್ತಿದ್ದೇನೆ. ನನ್ನ ಮೊದಲ ಮುಖವಾಡಗಳೂ ಹೀಗೇ ಇದ್ದವು. ದೂರಕ್ಕೆ ಸುಕ್ಕು ಕಾಣುವುದಿಲ್ಲ, ಉಬ್ಬು ತಗ್ಗು ಮಾತ್ರ ಕಾಣುತ್ತದೆ. ಹುಬ್ಬಿನ ಮೂಳೆಯನ್ನು ಮುಂದೆ ತನ್ನಿ, ಕಣ್ಣಿನ ಗುಳಿಯನ್ನು ಆಳ ಮಾಡಿ, ಕೆನ್ನೆಯನ್ನು ದೊಡ್ಡ ದೊಡ್ಡ ಚಪ್ಪಟೆ ಭಾಗಗಳಾಗಿ ಕತ್ತರಿಸಿ.

ಅದಕ್ಕಿಂತ ಮುಖ್ಯ, ಅಳುವನ್ನು ನೀವೇ ಮಾಡಿ ಮುಗಿಸಿಬಿಟ್ಟಿದ್ದೀರಿ. ನಟಿಗೆ ಏನೂ ಉಳಿದಿಲ್ಲ ಅಲ್ವಾ? ಜಪಾನಿನ ನೋ ನಾಟಕದ ಹೆಣ್ಣು ಮುಖವಾಡಗಳನ್ನು ನೋಡಿ. ಹಿನೋಕಿ ಮರದಲ್ಲಿ ಕೆತ್ತಿದ ಆ ಮುಖದಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ. ಸ್ವಲ್ಪ ಮೇಲಕ್ಕೆತ್ತಿದರೆ ಬೆಳಗುತ್ತದೆ, ಅದಕ್ಕೆ ತೆರಾಸು ಎನ್ನುತ್ತಾರೆ. ಕೆಳಗೆ ಬಾಗಿಸಿದರೆ ಮೋಡ ಕವಿದ ಹಾಗೆ, ಅದು ಕುಮೊರಾಸು. 1956ರಲ್ಲಿ ಪ್ಯಾರಿಸ್ಸಿನಲ್ಲಿ ರಂಗಶಾಲೆ ತೆರೆದ ಜಾಕ್ ಲೆಕಾಕ್, ಮುಖವಾಡ ತೋರಿಸುವ ಗುಣಕ್ಕೆ ವಿರುದ್ಧವಾದದ್ದನ್ನೂ ವಿದ್ಯಾರ್ಥಿಗಳಿಂದ ಆಡಿಸುತ್ತಿದ್ದರು. ನಿಮ್ಮ ಅಜ್ಜಿಯೂ ಖುಷಿಪಡಬಲ್ಲವಳಾಗಿರಬೇಕು.

ನಾನು ಮಾಡುವುದು ಇಷ್ಟು. ಬಾಯಿಯ ಒಂದು ತುದಿ ಇಳಿದಿದ್ದರೆ ಇನ್ನೊಂದನ್ನು ಕೂದಲೆಳೆಯಷ್ಟು ಏರಿಸುತ್ತೇನೆ. ಎರಡು ಹುಬ್ಬೂ ಒಂದೇ ತರ ಇರಲು ಬಿಡುವುದಿಲ್ಲ. ಮಣ್ಣು ಹಸಿ ಇರುವಾಗಲೇ ಕೋಣೆ ಕತ್ತಲು ಮಾಡಿ, ಮೇಲಿಂದ ಒಂದೇ ದೀಪ ಹಾಕಿ, ಮುಖವನ್ನು ನಿಧಾನಕ್ಕೆ ತಿರುಗಿಸಿ ನೋಡುತ್ತೇನೆ. ನೆರಳು ಬದಲಾಗದಿದ್ದರೆ ಅಚ್ಚು ತೆಗೆಯುವುದೇ ಇಲ್ಲ. ಈ ಹಂತಕ್ಕೇ ನನಗೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ.

ಪ್ರಶ್ನೆ ಕೇಳಿದವರು:
ವಾರ್ನಿಷ್ ಬಳಿದಿದ್ದೆ, ಉಜ್ಜಿದೆ. ನೀವು ಹೇಳಿದ ಹಾಗೆ ದೀಪದ ಕೆಳಗೆ ಹಿಡಿದು ನೋಡಿದೆ. ಹೇಗೆ ತಿರುಗಿಸಿದರೂ ಒಂದೇ ಮುಖ. ಇದನ್ನೇ ತಿದ್ದಬಹುದಾ?

ಉತ್ತರ 2:
ಹುಬ್ಬು, ಕೆನ್ನೆಗೆ ಕಾಗದದ ತಿರುಳು ಮೆತ್ತಬಹುದು. ಬಾಯಿ ಮಾತ್ರ ಹಾಗೆ ಆಗುವುದಿಲ್ಲ. ಹೊಸ ಮಣ್ಣು ಕಲಸಿ.