ಸಹಾಯ ಬೇಕು: ಬೀಜಕ ಕಟ್ಟದ ಬ್ಯಾಸಿಲಸ್, ಕೆಟ್ಟಿರುವುದು ಯಾವ ಜೀನ್?

ಬ್ಯಾಸಿಲಸ್ ಸಬ್ಟಿಲಿಸ್ (ಕಷ್ಟಕಾಲದಲ್ಲಿ ಗಟ್ಟಿ ಬೀಜಕ ಕಟ್ಟುವ ಬ್ಯಾಕ್ಟೀರಿಯಾ) ಮೇಲೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಓದಿ.

ಟ್ರಾನ್ಸ್‌ಪೋಸಾನ್ (ಜೀನ್ ಒಳಗೆ ತೂರಿ ಅದನ್ನು ಕೆಡಿಸುವ ಡಿಎನ್ಎ ತುಣುಕು) ಹಾಕಿ ಪಡೆದ ಒಂದು ಮ್ಯುಟೆಂಟ್ ನನ್ನ ತಲೆ ತಿನ್ನುತ್ತಿದೆ. 37 ಡಿಗ್ರಿಯಲ್ಲಿ 24 ಗಂಟೆ ಬೆಳೆಸಿ, 80 ಡಿಗ್ರಿಯಲ್ಲಿ 20 ನಿಮಿಷ ಕಾಯಿಸಿ (ಬೀಜಕ ಮಾತ್ರ ಉಳಿಯಲಿ ಎಂದು) ಪ್ಲೇಟ್ ಮಾಡಿದರೆ ಒಂದೇ ಒಂದು ಕಾಲೊನಿಯೂ ಇಲ್ಲ. ಮೂಲ ತಳಿಯಲ್ಲಿ ಪ್ಲೇಟ್ ತುಂಬಾ ಬರುತ್ತದೆ.

ಮೊದಲು ಸ್ಪೋ0ಎ ಎಂಬ ನಿಯಂತ್ರಕ ಪ್ರೋಟೀನ್ ಮೇಲೇ ಅನುಮಾನ ಬಂತು, ಇಡೀ ಪ್ರಕ್ರಿಯೆಗೆ ಚಾಲನೆ ಕೊಡುವುದು ಅದೇ ತಾನೆ. ಆದರೆ ಅದು ಕೆಟ್ಟಿದ್ದರೆ ಕೋಶವನ್ನು ದೊಡ್ಡ ತಾಯಿಕೋಶ ಮತ್ತು ಬೀಜಕವಾಗುವ ಪುಟ್ಟ ಕೋಶ ಎಂದು ಭಾಗಿಸುವ ತುದಿಯ ಅಡ್ಡಗೋಡೆಯೇ ಏಳಬಾರದು. ಪೊರೆಗೆ ಬಣ್ಣ ಹಾಕಿ ನೋಡಿದರೆ ನನ್ನ ಕೋಶಗಳಲ್ಲಿ ಎರಡೂ ತುದಿಗೆ ಒಂದೊಂದು ಗೋಡೆ! ಅಂದರೆ ತಾಯಿಕೋಶದಲ್ಲಿ ಸಿಗ್ಮಾ-ಇ (ಜೀನ್ ಗುಂಪನ್ನು ಚಾಲೂ ಮಾಡುವ ಪ್ರೋಟೀನ್) ಎಚ್ಚರಗೊಂಡಿಲ್ಲ, ಎರಡನೇ ಗೋಡೆಯನ್ನು ತಡೆಯುವವರಿಲ್ಲ.

ತೊಡಕು ಇಲ್ಲಿದೆ. ಪುಟ್ಟ ಕೋಶದಲ್ಲಿ ಅದೇ ಬಗೆಯ ಕೆಲಸ ಮಾಡುವ ಸಿಗ್ಮಾ-ಎಫ್ ಕೆಟ್ಟರೂ ಇದೇ ಚಿತ್ರ, ಏಕೆಂದರೆ ಅದು ಸ್ಪೋIIಆರ್ ಎಂಬ ಪ್ರೋಟೀನ್ ಮೂಲಕ ಸಂಕೇತ ಕಳಿಸಿದರೆ ಮಾತ್ರ ಸ್ಪೋIIಜಿಎ ಎಂಬ ಕತ್ತರಿ ಸಿಗ್ಮಾ-ಇ ಯ ಮುಂಭಾಗವನ್ನು ಕತ್ತರಿಸಿ ಅದನ್ನು ಎಚ್ಚರಿಸುತ್ತದೆ.

ಸಿಗ್ಮಾ-ಎಫ್ ಚಾಲೂ ಮಾಡುವ ಸ್ಪೋIIಕ್ಯೂ ಜೀನಿನ ಪ್ರೊಮೋಟರ್‌ಗೆ (ಅಂದರೆ ಸ್ವಿಚ್‌ಗೆ) ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನ್) ಜೋಡಿಸಿ, ಪುಟ್ಟ ಕೋಶ ಹೊಳೆದರೆ ಸಿಗ್ಮಾ-ಎಫ್ ಸರಿಯಿದೆ ಎಂದುಕೊಳ್ಳಬಹುದೇ? ಹೊಳೆದರೆ ಉಳಿದ ಮೂರನ್ನು, ಅಂದರೆ ಸ್ಪೋIIಆರ್, ಸ್ಪೋIIಜಿಎ, ಸಿಗ್ಮಾ-ಇ ಜೀನ್‌ಗಳನ್ನು, ಬೇರ್ಪಡಿಸುವುದು ಹೇಗೆ? ವೆಸ್ಟರ್ನ್ ಬ್ಲಾಟ್ (ಪ್ರತಿಕಾಯದಿಂದ ಪ್ರೋಟೀನ್ ಗುರುತಿಸುವ ವಿಧಾನ) ಗೊತ್ತು, ಪ್ರತಿಕಾಯ ನನ್ನಲ್ಲಿಲ್ಲ. ಒಂದೊಂದೇ ಜೀನಿನ ಸರಿಯಾದ ಪ್ರತಿಯನ್ನು ಎಎಂವೈಇ (ಕೆಟ್ಟರೂ ಬೀಜಕಕ್ಕೆ ತೊಂದರೆಯಿಲ್ಲದ ಜೀನ್) ಜಾಗದಲ್ಲಿ ಕೂರಿಸಿ, ಬೀಜಕ ಮರಳುತ್ತದೆಯೇ ಎಂದು ನೋಡುವುದೇ ಸುಲಭವೇ?

(ಸೀಕ್ವೆನ್ಸ್ ಮಾಡಿಸಿ ಎನ್ನಬೇಡಿ, ಸ್ಯಾಂಪಲ್ ಸರದಿಯಲ್ಲಿದೆ. ಅಲ್ಲಿಯವರೆಗೆ ಸುಮ್ಮನಿರಲು ಆಗುತ್ತಿಲ್ಲ.)